ಅಮೆರಿಕದ ಹಳೆ ಮನೆಗೆ ಹೊಸ ಥರ್ಮೋಸ್ಟಾಟ್: ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ

ನ್ಯೂಜೆರ್ಸಿಯಲ್ಲೋ ಬಾಸ್ಟನ್ ಸುತ್ತಮುತ್ತಲೋ ಐವತ್ತು ಅರವತ್ತು ವರ್ಷದ ಮನೆ ಕೊಂಡವರಿಗೆ ಗೋಡೆಯ ಮೇಲೆ ಹನಿವೆಲ್ ಕಂಪನಿಯ ಗುಂಡನೆಯ ಥರ್ಮೋಸ್ಟಾಟ್ ಈಗಲೂ ಸಿಗುವುದುಂಟು. 1953ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಅದು. ಒಳಗೆ ಲೋಹದ ಸುರುಳಿ, ಅದರ ಮೇಲೆ ಪಾದರಸದ ಪುಟ್ಟ ಗಾಜಿನ ಬುರುಡೆ. ಮನೆ ತಣ್ಣಗಾದಾಗ ಸುರುಳಿ ತಿರುಗಿ, ಪಾದರಸ ಒಂದು ಬದಿಗೆ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ. ಕೆಳಗೆ ಬೇಸ್‌ಮೆಂಟಿನಲ್ಲಿ, ಮನೆಗೆ ಬಿಸಿಗಾಳಿ ಕೊಡುವ ಫರ್ನೇಸ್ ಹೊತ್ತಿಕೊಳ್ಳುತ್ತದೆ. ಇವತ್ತಿನ ವೈಫೈ ಥರ್ಮೋಸ್ಟಾಟ್ ಮಾಡುವುದೂ ಇದನ್ನೇ. ಎಷ್ಟೇ ಮೆರುಗಿದ್ದರೂ ಅದು ಒಂದು ಸ್ವಿಚ್ಚು.

ಬದಲಾಯಿಸುವುದು ಗಂಟೆಯೊಳಗಿನ ಕೆಲಸ. ಕೆಲಸ ಕೆಡುವುದು ಹೆಚ್ಚಾಗಿ ಅಂಗಡಿಯಲ್ಲಿ, ಗೋಡೆಯ ಹಿಂದೆ ಏನಿದೆಯೆಂದು ನೋಡದೆ ಡಬ್ಬಿ ಆರಿಸಿದಾಗ. ಹಳೆ ಮನೆಗಳಲ್ಲಿ ಮೂರು ಬಗೆಯ ವ್ಯವಸ್ಥೆ ಇರುತ್ತದೆ.

ಹೆಚ್ಚಿನ ಕಡೆ ಇರುವುದು 24 ವೋಲ್ಟಿನದು: ಫೋನ್ ವೈರಿನಂಥ ಸಣ್ಣ ತಂತಿಗಳು, ಸ್ಕ್ರೂಗಳ ಪಕ್ಕ ಆರ್, ಡಬ್ಲ್ಯು ಎಂಬ ಅಕ್ಷರಗಳು. ಈ ಬರಹ ಅದಕ್ಕೇ. ದಪ್ಪ ತಂತಿಗಳು, ಪ್ಲಾಸ್ಟಿಕ್ ಟೊಪ್ಪಿ ಹಾಕಿದ ಜೋಡಣೆ, ಗೋಡೆಯೊಳಗೆ ಸ್ವಿಚ್ ಡಬ್ಬಿ ಕಂಡರೆ ಅದು 120 ಅಥವಾ 240 ವೋಲ್ಟ್, ಎಲೆಕ್ಟ್ರಿಕ್ ಬೇಸ್‌ಬೋರ್ಡ್ ಹೀಟರಿನದು. ಅಲ್ಲಿಗೆ 24 ವೋಲ್ಟಿನ ಥರ್ಮೋಸ್ಟಾಟ್ ಹಾಕಿದರೆ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಮುಚ್ಚಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ. ಮೂರನೆಯದು ಹಳೆಯ ನೆಲದ ಅಥವಾ ಗೋಡೆಯ ಗ್ಯಾಸ್ ಹೀಟರಿನದು. ಅದಕ್ಕೆ ಹೊರಗಿನ ಕರೆಂಟೇ ಬೇಡ, ಒಳಗೆ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯ ಬಿಸಿಯಿಂದ ಸುಮಾರು 750 ಮಿಲಿವೋಲ್ಟ್ ಹುಟ್ಟುತ್ತದೆ. ಮಿಲಿವೋಲ್ಟಿಗೆ ಹೊಂದುತ್ತದೆಂದು ಡಬ್ಬಿಯ ಮೇಲೆ ಬರೆದಿರುವ, ಬ್ಯಾಟರಿಯಲ್ಲಿ ನಡೆಯುವ ಥರ್ಮೋಸ್ಟಾಟ್ ಮಾತ್ರ ಅಲ್ಲಿಗೆ ಆಗುತ್ತದೆ. ಅದರ ಗ್ಯಾಸ್ ವಾಲ್ವಿಗೆ 24 ವೋಲ್ಟ್ ಕೊಟ್ಟರೆ ವಾಲ್ವೇ ಹಾಳು.

ಬೇಕಾಗುವುದು ಸ್ಕ್ರೂಡ್ರೈವರ್, ತಂತಿಯ ಸಿಪ್ಪೆ ಸುಲಿಯುವ ಇಕ್ಕಳ, ಮಲ್ಟಿಮೀಟರ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಒಂದಿಷ್ಟು ಪುಟ್ಟಿ.

ಮೊದಲು ಫರ್ನೇಸಿನ ಬ್ರೇಕರ್ ಆರಿಸಿ. ಫರ್ನೇಸಿನ ಬದಲು ಬಿಸಿನೀರು ಅಥವಾ ಸ್ಟೀಮಿನಿಂದ ಮನೆ ಬೆಚ್ಚಗಿಡುವ ಬಾಯ್ಲರ್ ಇದ್ದರೆ ಬೇಸ್‌ಮೆಂಟ್ ಮೆಟ್ಟಿಲ ಬಳಿ ಕೆಂಪು ತಗಡಿನ ಸ್ವಿಚ್ ಇರುತ್ತದೆ, ಅದನ್ನೂ. 24 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂದು ಕೆಲವರು ಆರಿಸದೆಯೇ ಕೈಹಾಕುತ್ತಾರೆ. ನಿಮಗೇನೂ ಆಗದಿರಬಹುದು, ಕರೆಂಟ್ ತರುವ ಆರ್ ತಂತಿ ಅದನ್ನು ಹಿಂದಿರುಗಿಸುವ ಸಿ ತಂತಿಗೆ ತಾಗಿದರೆ ಫರ್ನೇಸ್ ಬೋರ್ಡಿನ 3 ಅಥವಾ 5 ಆಂಪ್ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇಲ್ಲದ ಹಳೆಯ ಫರ್ನೇಸಿನಲ್ಲಿ ಟ್ರಾನ್ಸ್‌ಫಾರ್ಮರೇ ಸುಡುತ್ತದೆ.

ಮುಚ್ಚಳ ತೆಗೆದು ಫೋಟೊ ಹೊಡೆದುಕೊಳ್ಳಿ. ಪ್ರತಿ ತಂತಿಗೂ ಅದು ಕೂತಿದ್ದ ಸ್ಕ್ರೂವಿನ ಅಕ್ಷರ ಬರೆದ ಟೇಪ್ ಸುತ್ತಿ, ಆಮೇಲೆ ಬಿಚ್ಚಿ. ಬಣ್ಣವನ್ನು ನಂಬಬೇಡಿ, ಅಕ್ಷರವನ್ನು ನಂಬಿ. ಕೆಂಪು ಕರೆಂಟಿಗೆ, ಬಿಳಿ ಹೀಟಿಗೆ, ಹಳದಿ ಎಸಿಗೆ, ಹಸಿರು ಫ್ಯಾನಿಗೆ ಎನ್ನುವುದು ರೂಢಿ; ಆದರೆ ಹಿಂದೆ ಯಾರೋ ಕೈಗೆ ಸಿಕ್ಕ ತಂತಿ ಹಾಕಿ ಹೋಗಿರುತ್ತಾರೆ. ಬಿ ಅಕ್ಷರವಂತೂ ಇನ್ನೂ ಮೋಸ: ಟ್ರೇನ್ ಕಂಪನಿಯ ಯಂತ್ರಗಳಲ್ಲಿ ಅದು ಸಿ ತಂತಿಯ ಕೆಲಸ ಮಾಡುತ್ತದೆ, ಬೇರೆ ಹೀಟ್ ಪಂಪುಗಳಲ್ಲಿ (ಬೇಸಿಗೆಗೆ ತಂಪು, ಚಳಿಗೆ ಬಿಸಿ ಕೊಡುವ ಯಂತ್ರ) ಬಿಸಿ-ತಂಪು ಬದಲಿಸುವ ರಿವರ್ಸಿಂಗ್ ವಾಲ್ವಿನದು. ಬಿಚ್ಚಿದ ತಂತಿಗಳನ್ನು ಪೆನ್ಸಿಲಿಗೆ ಸುತ್ತಿಡಿ, ಇಲ್ಲದಿದ್ದರೆ ಗೋಡೆಯೊಳಗೆ ಜಾರಿಬಿಡುತ್ತವೆ.

ಇನ್ನು ಸಿ ತಂತಿಯ ಗೋಳು. ಹಳೆಯ ಗುಂಡನೆಯದಕ್ಕೆ ಆರ್ ಮತ್ತು ಡಬ್ಲ್ಯು ಎರಡೇ ಸಾಕಿತ್ತು, ಅದಕ್ಕೆ ಕರೆಂಟೇ ಬೇಕಿರಲಿಲ್ಲ. ವೈಫೈ ಥರ್ಮೋಸ್ಟಾಟಿಗೆ ಸದಾ ಕರೆಂಟ್ ಬೇಕು. ಅದು ಆರ್‌ನಿಂದ ಬಂದು ಸಿ ಮೂಲಕ ಹಿಂದಿರುಗಬೇಕು. ಸಿ ಇಲ್ಲದೆಯೂ ನಡೆಯುತ್ತದೆ ಎನ್ನುವ ಮಾದರಿಗಳು ಹೀಟಿನ ತಂತಿಯಿಂದಲೇ ಚೂರುಚೂರು ಕರೆಂಟ್ ಕದಿಯುತ್ತವೆ, ಹಳೆಯ ಫರ್ನೇಸಿನ ಜೊತೆ ಈ ಕಳ್ಳತನ ಹಲವು ಸಲ ಹೊಂದುವುದಿಲ್ಲ: ಚಳಿಗಾಲದ ನಡುವೆ ಬ್ಯಾಟರಿ ಬರಿದಾಗಿ ಪರದೆ ಕಪ್ಪಾಗುತ್ತದೆ, ಅಥವಾ ಫರ್ನೇಸಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಟಕಟಕ ಎನ್ನುತ್ತದೆ. ಗೋಡೆಯೊಳಗೆ ಬಳಸದ ತಂತಿ ಸುತ್ತಿಟ್ಟಿದೆಯೇ ನೋಡಿ. ಇದ್ದರೆ ಒಂದು ತುದಿಯನ್ನು ಥರ್ಮೋಸ್ಟಾಟಿನ ಸಿಗೆ, ಇನ್ನೊಂದನ್ನು ಫರ್ನೇಸ್ ಬೋರ್ಡಿನ ಸಿಗೆ ಜೋಡಿಸಿದರಾಯಿತು. ಇಲ್ಲದಿದ್ದರೆ 18 ಗೇಜಿನ ಐದು ಎಳೆಯ ಹೊಸ ಕೇಬಲ್ ಎಳೆಯುವುದು ಉತ್ತಮ. ಅದೂ ಆಗದಿದ್ದರೆ ವೈಫೈ ಆಸೆ ಬಿಟ್ಟು ಬ್ಯಾಟರಿಯ ಸಾದಾ ಡಿಜಿಟಲ್ ತನ್ನಿ. ಎರಡು ತಂತಿಯ ಮನೆಗೆ ಅದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಬಾಯ್ಲರಿನ ಮೇಲೆ ಟಿ, ಟಿ ಎಂದು ಎರಡು ಸ್ಕ್ರೂ ಮಾತ್ರ ಕಂಡರೆ ಅವುಗಳಲ್ಲಿ ಒಂದನ್ನು ಸಿ ಎಂದುಕೊಳ್ಳಬೇಡಿ. ಥರ್ಮೋಸ್ಟಾಟಿಗೆಂದು ಹಾಕಿದ ಬೇರೆ ಟ್ರಾನ್ಸ್‌ಫಾರ್ಮರಿನ ಕರೆಂಟನ್ನು ಅಲ್ಲಿಗೆ ಹರಿಸಿದರೆ ಬಾಯ್ಲರಿನ ಕಂಟ್ರೋಲ್ ಸುಡುತ್ತದೆ; ನಡುವೆ ಎರಡು ಕರೆಂಟನ್ನೂ ಬೇರೆಯಾಗಿಡುವ ಐಸೊಲೇಶನ್ ರಿಲೇ ಬೇಕೇ ಬೇಕು.

ಹೊಸ ತಳ ಕೂರಿಸುವ ಮೊದಲು ತಂತಿ ಬರುವ ರಂಧ್ರಕ್ಕೆ ಪುಟ್ಟಿ ತುಂಬಿ. ಗೋಡೆಯ ಟೊಳ್ಳಿನ ತಣ್ಣನೆ ಗಾಳಿ ಸೆನ್ಸರಿಗೆ ತಾಗಿದರೆ ಮನೆ ಬೆಚ್ಚಗಿದ್ದರೂ ಫರ್ನೇಸ್ ಉರಿಯುತ್ತಲೇ ಇರುತ್ತದೆ. 1978ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಕೆರೆದು ಧೂಳೆಬ್ಬಿಸಬೇಡಿ.

ತಂತಿಯ ತುದಿಯಲ್ಲಿ ಸುಮಾರು ಮುಕ್ಕಾಲು ಸೆಂಟಿಮೀಟರ್ ಸಿಪ್ಪೆ ಸುಲಿಯಿರಿ. ಹೆಚ್ಚು ಸುಲಿದರೆ ಪಕ್ಕದ ತಂತಿಗೆ ತಾಗುತ್ತದೆ, ಕಡಿಮೆಯಾದರೆ ಸ್ಕ್ರೂ ಸಿಪ್ಪೆಯನ್ನೇ ಕಚ್ಚುತ್ತದೆ. ಹಳೆಯ ತಾಮ್ರ ಕಪ್ಪಾಗಿದ್ದರೆ ಕತ್ತರಿಸಿ ಹೊಸ ತುದಿ ಮಾಡಿ. ಆರ್‌ಸಿ (ಎಸಿಯದು), ಆರ್‌ಎಚ್ (ಹೀಟಿನದು) ಎಂದು ಎರಡು ಆರ್ ಇದ್ದು ಮನೆಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರ್ ಇದ್ದರೆ ಅವೆರಡನ್ನು ಕೂಡಿಸುವ ತುಂಡು, ಅಂದರೆ ಜಂಪರ್, ಹಾಗೇ ಇರಲಿ. ಎಸಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಆರ್ ತಂತಿ ಬಂದಿದ್ದರೆ ಜಂಪರ್ ತೆಗೆಯಲೇಬೇಕು.

ಜೋಡಿಸಿದ ಮೇಲೆ ಬಹಳ ಜನ ಸೆಟ್ಟಿಂಗ್ ಮರೆಯುತ್ತಾರೆ. ಗಂಟೆಗೆ ಎಷ್ಟು ಸಲ ಹೊತ್ತಬೇಕೆಂಬುದಕ್ಕೆ ಹಳೆಯದರಲ್ಲಿ ಸಣ್ಣ ಮುಳ್ಳಿತ್ತು. ಈಗ ಅದು ಮೆನುವಿನಲ್ಲಿದೆ. ಹನಿವೆಲ್ ಮಾದರಿಗಳಲ್ಲಿ ಸ್ಟೀಮ್ ಬಾಯ್ಲರಿಗೆ 1, ಬಿಸಿನೀರಿನ ಬಾಯ್ಲರಿಗೆ 3, ಹಳೆಯ ಗ್ಯಾಸ್ ಫರ್ನೇಸಿಗೆ 5. ಸ್ಟೀಮಿಗೆ 5 ಕೊಟ್ಟರೆ ರೇಡಿಯೇಟರ್ ತುಂಬುವ ಮೊದಲೇ ಬಾಯ್ಲರ್ ಆರುತ್ತದೆ, ಗ್ಯಾಸ್ ಬಿಲ್ ಏರುತ್ತದೆ. ಫ್ಯಾನಿನ ಆಯ್ಕೆ ಗ್ಯಾಸ್ ಎಂದಿರಲಿ. ಎಲೆಕ್ಟ್ರಿಕ್ ಎಂದಿದ್ದರೆ ಬೆಂಕಿ ಹತ್ತಿದ ಕೂಡಲೇ ತಣ್ಣನೆ ಗಾಳಿ ಬೀಸುತ್ತದೆ.

ಕರೆಂಟ್ ಹಾಕಿ, ಕೋಣೆಯ ಉಷ್ಣತೆಗಿಂತ 5 ಡಿಗ್ರಿ ಫ್ಯಾರನ್‌ಹೀಟ್ ಮೇಲಕ್ಕೆ ಇಡಿ. ಟಕ್ ಎಂದ ಮೇಲೆ ಒಂದೆರಡು ನಿಮಿಷದೊಳಗೆ ಗ್ಯಾಸ್ ಫರ್ನೇಸ್ ಹೊತ್ತಬೇಕು. ಹೊತ್ತದಿದ್ದರೆ ಬ್ರೇಕರ್ ಆರಿಸಿ, ಆರ್ ಮತ್ತು ಡಬ್ಲ್ಯು ತಂತಿಗಳನ್ನು ತಳದಿಂದ ತೆಗೆದು ಒಂದಕ್ಕೊಂದು ಸುತ್ತಿ, ಮತ್ತೆ ಬ್ರೇಕರ್ ಹಾಕಿ. ಈಗ ಹೊತ್ತಿದರೆ ತಪ್ಪು ಥರ್ಮೋಸ್ಟಾಟಿನದು ಅಥವಾ ನಿಮ್ಮ ಜೋಡಣೆಯದು. ಈಗಲೂ ಇಲ್ಲವೆಂದರೆ ಫರ್ನೇಸ್ ಬಾಗಿಲು ಸರಿಯಾಗಿ ಕೂತಿದೆಯೇ ನೋಡಿ, ಅದರ ಹಿಂದಿನ ಸೇಫ್ಟಿ ಸ್ವಿಚ್ ಒತ್ತದಿದ್ದರೆ ಏನೂ ನಡೆಯುವುದಿಲ್ಲ. ಆಮೇಲೆ ಮಲ್ಟಿಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗಿಟ್ಟು ಬೋರ್ಡಿನ ಆರ್ ಮತ್ತು ಸಿ ನಡುವೆ ಅಳೆಯಿರಿ: 24ರಿಂದ 28 ಬರಬೇಕು. ಸೊನ್ನೆ ಬಂದರೆ ಮೊದಲು ಫ್ಯೂಸ್, ನಂತರ ಟ್ರಾನ್ಸ್‌ಫಾರ್ಮರ್.

ಬಿಚ್ಚಿದ ಹಳೆಯದನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಒಂದೊಂದು ಬುರುಡೆಯಲ್ಲಿ ಸುಮಾರು 3 ಗ್ರಾಂ ಪಾದರಸ ಇರುತ್ತದೆ. ಗಾಜು ಒಡೆಯದಂತೆ ಜಿಪ್ ಚೀಲದಲ್ಲಿ ಮುಚ್ಚಿ, ನಿಮ್ಮ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟುಬನ್ನಿ.