ಪಾರ್ಟಿಗೆ ಹೋಗುವವರಿಗೂ ಅವರ ಜೊತೆಗಿರುವವರಿಗೂ
ಗ್ಲಾಸಿಗೆ ಏನೋ ಬೆರೆಸಿ ಲೈಂಗಿಕ ದೌರ್ಜನ್ಯ ಮಾಡುವ ವಿಷಯ ಬಂದರೆ ಎಲ್ಲರೂ "ಗ್ಲಾಸ್ ಬಿಟ್ಟು ಹೋಗಬೇಡಿ" ಅಂತ ಹೇಳಿ ಮುಗಿಸುತ್ತಾರೆ. ಸರಿ, ಬಿಟ್ಟು ಹೋಗಿದ್ದರೆ ಹೊಸದು ತೆಗೆದುಕೊಳ್ಳಿ. ಆದರೆ ಬಣ್ಣ, ರುಚಿ ನೋಡಿ ಕಂಡುಹಿಡಿಯುತ್ತೇನೆ ಅಂದುಕೊಳ್ಳಬೇಡಿ, ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಇಂಥ ಪ್ರಕರಣಗಳಲ್ಲಿ ಜಾಸ್ತಿ ಕಾಣಿಸುವುದು ಮದ್ಯವೇ. ಜ್ಯೂಸ್‌ಗೆ ಹೇಳದೆ ಮದ್ಯ ಸೇರಿಸುವುದು, ಒಂದು ಪೆಗ್ ಕೇಳಿದವರಿಗೆ ಎರಡು ಸುರಿಯುವುದು, ಅದೂ ಇದೇ ಲೆಕ್ಕ ಅಲ್ವಾ? ಮಾಡುವವರು ಅಪರಿಚಿತರೇ ಆಗಿರಬೇಕಿಲ್ಲ.

ಜೊತೆಗಿರುವವರು ಕುಡಿದಿದ್ದಕ್ಕಿಂತ ಜಾಸ್ತಿ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ ಒಂಟಿಯಾಗಿ ಬಿಡಬೇಡಿ, "ನಾನು ಮನೆಗೆ ಬಿಡ್ತೀನಿ" ಅಂತ ಮುಂದೆ ಬರುವ ಅರೆಪರಿಚಿತರ ಜೊತೆ ಕಳಿಸಲೇಬೇಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಮಗ್ಗುಲಿಗೆ ಮಲಗಿಸಿ ತಕ್ಷಣ ಆಂಬುಲೆನ್ಸ್ ಕರೆಯಿರಿ. ನಿದ್ದೆ ಮಾಡಿದರೆ ಇಳಿಯುತ್ತೆ ಅಂತ ಸುಮ್ನೆ ಬಿಡಬೇಡಿ.

ಏನೋ ಆಗಿದೆ ಅನ್ನಿಸಿದರೆ ಬೇಗ ಆಸ್ಪತ್ರೆಗೆ ಹೋಗಿ. ಹೀಗೆ ಬೆರೆಸುವ ಜಿಎಚ್‌ಬಿ ಅನ್ನುವ ಡ್ರಗ್ ಮೂತ್ರದಲ್ಲಿ ಸುಮಾರು 12 ಗಂಟೆ ಮಾತ್ರ ಸಿಗುತ್ತದೆ, ರೋಹಿಪ್ನಾಲ್ ಅನ್ನುವ ನಿದ್ದೆ ಮಾತ್ರೆ ಆದರೆ ಕೆಲವು ದಿನ. ಹಾಗಾಗಿ ಮೊದಲ ಮೂತ್ರವನ್ನೇ ಪರೀಕ್ಷೆಗೆ ಕೊಡಿ. ತಡೆಯಲಾಗದಿದ್ದರೆ ಸ್ವಚ್ಛ ಡಬ್ಬಿಯಲ್ಲಿ ಹಿಡಿದು ಒಯ್ಯಿರಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ. ಸ್ನಾನ ಮಾಡದಿದ್ದರೆ ಒಳ್ಳೆಯದು, ಆಗಿಹೋಗಿದ್ದರೂ ಪರವಾಗಿಲ್ಲ, ಹೋಗಿ. ರಿಪೋರ್ಟ್‌ನಲ್ಲಿ ಏನೂ ಸಿಗದಿದ್ದರೆ ಏನೂ ನಡೆದಿಲ್ಲ ಅಂತಲ್ಲ. ಇನ್ನು ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ.