ಜಿಂಕೆ ಬೇಟೆಗೆ ಮುನ್ನ ಸ್ಕೋಪ್ ಗುರಿ ಹೊಂದಿಸುವುದು

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಈ ಬರಹ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಬೇಟೆಯಾಡುವವರಿಗೆ.

ಮೊದಲು ರೈಫಲ್ ಖಾಲಿಯಿದೆಯೇ ನೋಡಿ, ಸ್ಕೋಪ್ (ರೈಫಲ್ ಮೇಲಿನ ಗುರಿ ದುರ್ಬೀನು) ಕೂರಿಸಿದ ಸ್ಕ್ರೂಗಳನ್ನು ಪರೀಕ್ಷಿಸಿ. ಗುಂಡು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಬೀಳುತ್ತಿದ್ದರೆ ಎಷ್ಟೋ ಸಲ ಸಡಿಲ ಸ್ಕ್ರೂ ಕಾರಣ. ಮರಳುಚೀಲವನ್ನು ಮುಂಭಾಗದ ಮರದ ಹಿಡಿಯ ಕೆಳಗಿಡಿ. ನಳಿಗೆ ಚೀಲಕ್ಕೆ ತಾಗಿದರೆ ಗುಂಡು ಬೇರೆಡೆ ಹೋಗುತ್ತದೆ. ಕಿವಿಗೆ, ಕಣ್ಣಿಗೆ ರಕ್ಷಣೆ ಇರಲೇಬೇಕು.

25 ಗಜದಿಂದ ಶುರುಮಾಡಿ, ಕಾಗದದ ಮಧ್ಯಕ್ಕೆ ಬಂದಮೇಲೆ 100 ಗಜಕ್ಕೆ ಹೋಗಿ. ಮೂರು ಈಡು ಹೊಡೆದು, ಮೂರರ ನಡುಬಿಂದು ನೋಡಿ ಸ್ಕೋಪ್‌ನ ನಾಬ್ ತಿರುಗಿಸಿ. ಒಂದೇ ಈಡು ನಂಬಿ ತಿರುಗಿಸಬೇಡಿ. ಎಂಓಎ ಎಂದರೆ ಕೋನದ ಒಂದು ಅಳತೆ, 100 ಗಜದಲ್ಲಿ ಸುಮಾರು ಒಂದು ಇಂಚು. ನಾಬ್‌ನ ಒಂದು ಕ್ಲಿಕ್‌ಗೆ ಕಾಲು ಎಂಓಎ ಸರಿಯುವ ಸ್ಕೋಪ್‌ನಲ್ಲಿ 100 ಗಜಕ್ಕೆ ಒಂದು ಇಂಚು ಸರಿಸಲು 4 ಕ್ಲಿಕ್, 25 ಗಜಕ್ಕೆ 16. ಪ್ರತಿ ಸುತ್ತಿನ ನಂತರ ನಳಿಗೆ ಆರಲಿ. ಬಿಸಿಯಾದ ತೆಳು ನಳಿಗೆಯಿಂದ ಗುಂಡುಗಳು ಚದುರುತ್ತವೆ, ಆದರೆ ಕಾಡಿನಲ್ಲಿ ನೀವು ಹೊಡೆಯುವುದು ತಣ್ಣನೆಯ ನಳಿಗೆಯ ಮೊದಲ ಈಡು.

.308 ಅಳತೆಯ ತೋಟಾಕ್ಕೆ 150 ಗ್ರೇನ್ ತೂಕದ ಗುಂಡಾದರೆ 100 ಗಜದಲ್ಲಿ ಸುಮಾರು ಎರಡು ಇಂಚು ಮೇಲೆ ಬೀಳುವಂತೆ ಹೊಂದಿಸಿ, 200 ಗಜಕ್ಕೆ ನೇರ ಬರುತ್ತದೆ. ತೋಟಾದ ಬ್ರ್ಯಾಂಡ್ ಬದಲಿಸಿದರೆ ಮತ್ತೆ ಹೊಂದಿಸಿ.