ಸೆಲ್ಫ್ ಟ್ಯೂನಿಂಗ್ ಇಸಿಯು: ನಿಮ್ಮ ಗಾಡಿಗೆ ಯಾವುದು ಸರಿ?

ಸೈಲೆನ್ಸರ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು. ಈಗ ಗಾಡಿ 3000 ಆರ್‌ಪಿಎಂ ಹತ್ತಿರ ಜರ್ಕ್ ಹೊಡೆಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸಿಡಿಯುತ್ತದೆ. ಹೀಗಾದಾಗಲೇ ‘ತಾನೇ ಟ್ಯೂನ್ ಆಗುವ’ ಪೆಟ್ಟಿಗೆಯ ನೆನಪಾಗುವುದು. ಇಸಿಯು ಎಂದರೆ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಎಂದು ಲೆಕ್ಕ ಹಾಕುವ ಕಂಪ್ಯೂಟರ್, ಮಾಡ್ಯೂಲ್ ಎಂದರೆ ಆ ಲೆಕ್ಕವನ್ನು ತಿದ್ದುವ ಅಥವಾ ತಾನೇ ಮಾಡುವ ಪೆಟ್ಟಿಗೆ. ಕೊಳ್ಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ಅದು ಯಾವ ಸೆನ್ಸರ್ ನೋಡಿ ಕಲಿಯುತ್ತದೆ? ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗೆ ಕೊನೆಯ ಆಜ್ಞೆ ಯಾರದು? ಬ್ಲೂಟೂತ್ ಆ್ಯಪ್, ಹ್ಯಾಂಡಲ್ ಮೇಲಿನ ಮ್ಯಾಪ್ (ಪೆಟ್ರೋಲ್ ಅಳತೆಯ ಟೇಬಲ್) ಸ್ವಿಚ್ ಎಲ್ಲ ಆಮೇಲಿನ ಮಾತು. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಾದರೆ ಇದಕ್ಕೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಮೊದಲು ಸೆನ್ಸರ್. ಕಂಪನಿ ಕೊಡುವ ಆಕ್ಸಿಜನ್ ಸೆನ್ಸರ್ ಸಾಮಾನ್ಯವಾಗಿ ನ್ಯಾರೋಬ್ಯಾಂಡ್. ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆದರೆ ಸುಮಾರು 0.9 ವೋಲ್ಟ್, ಲೀನ್ (ಗಾಳಿ ಹೆಚ್ಚು) ಆದರೆ 0.1 ವೋಲ್ಟ್, ನಡುವಿನ 0.45 ವೋಲ್ಟ್ ಹತ್ತಿರ ಲ್ಯಾಂಬ್ಡಾ 1, ಅಂದರೆ ಪೆಟ್ರೋಲ್ ಪೂರ್ತಿ ಸುಡಲು ಬೇಕಾದಷ್ಟೇ ಗಾಳಿ; 1ಕ್ಕಿಂತ ಕಡಿಮೆಯಾದರೆ ರಿಚ್. ಆ ಗೆರೆಯ ಆಚೆಗೋ ಈಚೆಗೋ ಅಂತ ಮಾತ್ರ ಅದು ಹೇಳಬಲ್ಲದು, ಎಷ್ಟು ಆಚೆಗೆ ಅಂತ ಹೇಳಲಾರದು. ಫುಲ್ ಥ್ರಾಟಲ್‌ನಲ್ಲಿ ಎಂಜಿನ್‌ಗೆ ಬೇಕಾಗುವುದು ಲ್ಯಾಂಬ್ಡಾ 0.86ರಿಂದ 0.90. ಅಲ್ಲಿ ನ್ಯಾರೋಬ್ಯಾಂಡ್ ಬರೀ ‘ರಿಚ್’ ಎನ್ನುತ್ತದೆ ಅಷ್ಟೇ. ಆದ್ದರಿಂದ ಸ್ಟಾಕ್ (ಕಂಪನಿಯದೇ) ಸೆನ್ಸರ್ ಓದುವ ಮಾಡ್ಯೂಲ್ ನಿಜವಾಗಿ ಕಲಿಯುವುದು ಹದವಾದ ವೇಗದ ಓಟವನ್ನು ಮಾತ್ರ. ಉಳಿದ ಕಡೆ ಮೊದಲೇ ತುಂಬಿಟ್ಟ ಶೇಕಡಾವಾರು ಪೆಟ್ರೋಲ್ ಸೇರಿಸುತ್ತದೆ. ವೈಡ್‌ಬ್ಯಾಂಡ್ ಸೆನ್ಸರ್ ಹಾಗಲ್ಲ, ಎಷ್ಟು ರಿಚ್, ಎಷ್ಟು ಲೀನ್ ಎಂದು ಅಂಕಿಯಲ್ಲೇ ಕೊಡುತ್ತದೆ. ಬಾಷ್ ಎಲ್‌ಎಸ್‌ಯು 4.9 ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು.

ನಮ್ಮ ಸಲಹೆ ನೇರವಾಗಿದೆ. ಬರೀ ಸ್ಲಿಪ್-ಆನ್ (ಕೊನೆಯ ಭಾಗ ಮಾತ್ರ ಬದಲಿಸುವ) ಸೈಲೆನ್ಸರ್ ಹಾಕಿದ್ದರೆ ನ್ಯಾರೋಬ್ಯಾಂಡ್ ಮಾಡ್ಯೂಲ್ ಸಾಕು. ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರ್‌ವರೆಗಿನ ಪೈಪ್), ಏರ್ ಬಾಕ್ಸ್ ಎರಡನ್ನೂ ಮುಟ್ಟಿದ್ದರೆ, ಕ್ಯಾಮ್ ಬದಲಿಸಿದ್ದರೆ, ಬೋರ್ ದೊಡ್ಡದು ಮಾಡಿದ್ದರೆ ವೈಡ್‌ಬ್ಯಾಂಡ್ ಇಲ್ಲದ ಯಾವುದನ್ನೂ ಕೊಳ್ಳಬೇಡಿ.

ಎರಡನೆಯದು, ಕೊನೆಯ ಆಜ್ಞೆ. ಪಿಗ್ಗಿಬ್ಯಾಕ್ ಮಾಡ್ಯೂಲ್ ಸ್ಟಾಕ್ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚುಕಡಿಮೆ ಮಾಡುತ್ತದೆ. ತೊಂದರೆ ಇಲ್ಲೇ ಇದೆ. ಮಾಡ್ಯೂಲ್ ಶೇ. 8 ಪೆಟ್ರೋಲ್ ಸೇರಿಸಿತು ಅನ್ನಿ. ಸ್ಟಾಕ್ ಇಸಿಯು ತನ್ನ ಸೆನ್ಸರ್ ನೋಡಿ ‘ರಿಚ್ ಆಯ್ತು’ ಎಂದು ಅಷ್ಟನ್ನೂ ಕಡಿತ ಮಾಡುತ್ತದೆ. ಮಾಡ್ಯೂಲ್ ಮತ್ತೆ ಸೇರಿಸುತ್ತದೆ. ಎರಡೆತ್ತು ಎರಡು ದಿಕ್ಕಿಗೆ ಎಳೆದಂತೆ ಗಾಡಿ ಒಂದೇ ವೇಗದಲ್ಲಿ ಹೋಗುವಾಗಲೂ ಹಿಂದೆ ಮುಂದೆ ತೂಗುತ್ತದೆ. ಹಾಗಾಗಿ ಸ್ಟಾಕ್ ಸೆನ್ಸರ್‌ನ ಸಂಕೇತವನ್ನು ಮಾಡ್ಯೂಲ್ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆಯೇ, ಅದಕ್ಕೆ ಬೇರೆ ಕನೆಕ್ಟರ್ ಕೊಡುತ್ತಾರೆಯೇ ಎಂದು ಕೇಳಿ. ರಾಯಲ್ ಎನ್‌ಫೀಲ್ಡ್ 650 ಟ್ವಿನ್‌ನಂತಹ ಗಾಡಿಯಲ್ಲಿ ಎರಡು ಪೈಪ್‌ಗೂ ಇದೇ ಪ್ರಶ್ನೆ.

ಪೂರ್ತಿ ಇಸಿಯು ಬದಲಿಸುವ ಮಾಡ್ಯೂಲ್‌ನಲ್ಲಿ ಈ ಜಗಳ ಇರುವುದಿಲ್ಲ. ಹಾರ್ಲೆಗೆ ಬರುವ ಥಂಡರ್‌ಮ್ಯಾಕ್ಸ್ ಈ ಬಗೆಯದು: ಸ್ಟಾಕ್ ಇಸಿಯು ಹೊರಗೆ, ವೈಡ್‌ಬ್ಯಾಂಡ್ ಸೆನ್ಸರ್ ಒಳಗೆ. ಡೈನೋಜೆಟ್‌ನ ಪವರ್ ಕಮಾಂಡರ್ 5 ಪಿಗ್ಗಿಬ್ಯಾಕ್. ಅದರ ಆಟೋ ಟ್ಯೂನ್ ಕಿಟ್ ಬೇರೆ ಕೊಳ್ಳಬೇಕು, ಕಿಟ್ ಇಲ್ಲದಿದ್ದರೆ ಅದು ಕಲಿಯುವುದಿಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಫ್ಯುಯೆಲ್ ಎಕ್ಸ್ ಸ್ಟಾಕ್ ಸೆನ್ಸರ್ ಆಧರಿಸಿ ಹೊಂದಿಕೊಳ್ಳುವಂಥದ್ದು. ಅದೇ ಕಂಪನಿಯ ಪವರ್‌ಟ್ರಾನಿಕ್ ಇಗ್ನಿಷನ್ ಟೈಮಿಂಗನ್ನೂ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಬದಲಿಸುತ್ತದೆ, ಆದರೆ ಮ್ಯಾಪ್ ಬರೆಯಲು ಟ್ಯೂನರ್ ಬೇಕು. ಇವೆರಡನ್ನು ಒಂದೇ ಎಂದುಕೊಂಡು ಕೊಳ್ಳುವವರು ಬಹಳ. ‘ಸೆಲ್ಫ್ ಟ್ಯೂನಿಂಗ್’ ಎಂದರೆ ಪೆಟ್ರೋಲ್ ಅಳತೆ ಮಾತ್ರ. ಆಕ್ಸಿಜನ್ ಸೆನ್ಸರ್‌ಗೆ ನಾಕಿಂಗ್ (ಎಂಜಿನ್ ಒಳಗಿನ ಟಕಟಕ ಬಡಿತ) ಕೇಳಿಸುವುದಿಲ್ಲ.

ಗುರಿಯ ಅಂಕಿಯನ್ನೂ ಮಾಡ್ಯೂಲ್ ತಾನೇ ಹುಡುಕುವುದಿಲ್ಲ, ನಾವೇ ಕೊಡಬೇಕು. ಹದವಾದ ಓಟಕ್ಕೆ ಲ್ಯಾಂಬ್ಡಾ 0.95ರಿಂದ 1.0, ಐಡಲ್‌ಗೆ 0.95 ಆಸುಪಾಸು, ಫುಲ್ ಥ್ರಾಟಲ್‌ಗೆ ಮೇಲೆ ಹೇಳಿದ್ದು. ಏರ್ ಕೂಲ್ಡ್ ಎಂಜಿನ್ ಇದ್ದರೆ, ಅದೂ ಗದಗಿನ ಏಪ್ರಿಲ್ ಬಿಸಿಲಲ್ಲಿ ಓಡುವುದಿದ್ದರೆ, ತುಸು ರಿಚ್ ಕಡೆಗೇ ಇರಲಿ. ಅಂಕಿಗಳನ್ನು ಲ್ಯಾಂಬ್ಡಾದಲ್ಲೇ ಇಡಿ, ‘14.7’ ಲೆಕ್ಕದಲ್ಲಿ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಬೇಡ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್‌ಗೆ 14.7 ಇದ್ದ ಅನುಪಾತ ಇದಕ್ಕೆ ಸುಮಾರು 13.5. ಲ್ಯಾಂಬ್ಡಾ ಹಿಡಿದರೆ ಈ ಗೊಂದಲವೇ ಇಲ್ಲ.

ಕೂರಿಸುವ ಮೊದಲು

ಹಳೆಯ ರೋಗದ ಮೇಲೆ ಮಾಡ್ಯೂಲ್ ಕೂರಿಸಿದರೆ ಅದು ರೋಗವನ್ನೇ ಸರಿ ಎಂದು ಕಲಿಯುತ್ತದೆ. ವಾಲ್ವ್ ಕ್ಲಿಯರೆನ್ಸ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ ರಬ್ಬರ್‌ನ ಬಿರುಕು ನೋಡಿ. ಫ್ಯುಯೆಲ್ ಪ್ರೆಶರ್ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಿರಲಿ. ನವಲಗುಂದ, ಅಣ್ಣಿಗೇರಿ ಕಡೆ ಓಡಾಡುವ ಗಾಡಿಯಾದರೆ ಏರ್ ಫಿಲ್ಟರ್‌ನಲ್ಲಿ ಎರಿ ಮಣ್ಣಿನ ಧೂಳು ಕೂತೇ ಇರುತ್ತದೆ. ತೆಗೆದು ಸ್ವಚ್ಛ ಮಾಡಿ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ವೋಲ್ಟೇಜ್ 13.8ರಿಂದ 14.4 ಇರಬೇಕು. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ ಬೆಂಡ್ ಪೈಪ್‌ನ ಜಾಯಿಂಟ್‌ಗೆ ಸಾಬೂನು ನೀರು ಹಾಕಿ. ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಬದಲಿಸದೆ ಮುಂದೆ ಹೋಗಬೇಡಿ.

ವೈಡ್‌ಬ್ಯಾಂಡ್ ಸೆನ್ಸರ್‌ನ ಥ್ರೆಡ್ ಎಂ18×1.5. ಅನೇಕ ಬೈಕ್‌ಗಳ ಸ್ಟಾಕ್ ಸೆನ್ಸರ್ ಎಂ12, ಆದ್ದರಿಂದ ಆ ತೂತು ಹೊಂದುವುದಿಲ್ಲ. ಪೈಪ್‌ಗೆ ಹೊಸ ಬಂಗ್ (ಸೆನ್ಸರ್ ಕೂರಿಸುವ ಥ್ರೆಡ್ ಇರುವ ಬಳೆ) ಬೆಸೆಯಬೇಕು. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಆರ್ಗನ್ ವೆಲ್ಡಿಂಗ್ ಮಾಡಿಸಿ. ಪೈಪನ್ನು ಗಾಡಿಯಿಂದ ಬಿಚ್ಚಿಯೇ ಒಯ್ಯಿರಿ, ಗಾಡಿ ಮೇಲೆ ವೆಲ್ಡಿಂಗ್ ಮಾಡಿಸಿದರೆ ಇಸಿಯು ಸುಟ್ಟೀತು. ಬಂಗ್ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ (ಹೊಗೆಯ ವಿಷ ತಗ್ಗಿಸುವ ಭಾಗ) ಮೊದಲು ಬರಬೇಕು. ಸೆನ್ಸರ್ ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ. ಇಲ್ಲದಿದ್ದರೆ ಪೈಪ್‌ನಲ್ಲಿ ಕಟ್ಟಿದ ನೀರು ಕಾದ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ. ಟಾರ್ಕ್ 40ರಿಂದ 60 ನ್ಯೂಟನ್ ಮೀಟರ್. ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ತಾಗದಿರಲಿ. ಹತ್ತಿರದಲ್ಲಿ ಸಾಮಾನ್ಯ ಸಿಲಿಕೋನ್ ಸೀಲಂಟ್ ಬಳಸಬೇಡಿ, ಅದರ ಆವಿ ಸೆನ್ಸರ್‌ಗೆ ವಿಷ. ಆಯಿಲ್ ಸುಡುವ ಎಂಜಿನ್‌ಗೂ ಈ ಸೆನ್ಸರ್‌ಗೂ ಆಗಿಬರುವುದಿಲ್ಲ.

ಇನ್ನೊಂದು ವಿಷಯ. ಮಾಡ್ಯೂಲ್ ಕೆಟ್ಟು ರಿಪೇರಿಗೆ ಹೋಗಿದ್ದರೆ, ಸೆನ್ಸರನ್ನೂ ಬಿಚ್ಚಿ ಬಂಗ್‌ಗೆ ಬೋಲ್ಟ್ ಹಾಕಿ. ಒಳಗಿನ ಹೀಟರ್‌ಗೆ ಕರೆಂಟ್ ಇಲ್ಲದೆ ಬಿಸಿ ಪೈಪ್‌ನಲ್ಲಿ ಕೂತ ಸೆನ್ಸರ್ ಮಸಿ ಹಿಡಿದು ಸಾಯುತ್ತದೆ.

ಕಲಿಸುವ ಓಟ

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಲಿಕೆ ಚಾಲೂ ಮಾಡಿ. ಹುಬ್ಬಳ್ಳಿ–ಧಾರವಾಡದ ಊರೊಳಗಿನ ಟ್ರಾಫಿಕ್‌ನಲ್ಲಿ ಹಿಡಿ-ಬಿಡು ಮಾಡಿದರೆ ಟೇಬಲ್‌ನ ಯಾವ ಸೆಲ್‌ಗೂ (ಒಂದು ಆರ್‌ಪಿಎಂ, ಒಂದು ಥ್ರಾಟಲ್‌ಗೆ ಒಂದು ಮನೆ) ಸರಿಯಾದ ಅಂಕಿ ಬೀಳುವುದಿಲ್ಲ. ಹೊಗೆ ಸೆನ್ಸರ್ ಮುಟ್ಟುವ ಹೊತ್ತಿಗೆ ನೀವು ಬೇರೆ ಆರ್‌ಪಿಎಂಗೆ ಹೋಗಿರುತ್ತೀರಿ. ಅಣ್ಣಿಗೇರಿ ಕಡೆಯ ಗದಗ ರಸ್ತೆ ಸಮತಟ್ಟಾಗಿ ನೆಟ್ಟಗಿದೆ, ಬೆಳಗಿನ ಜಾವ ಅದು ಒಳ್ಳೆಯದು. ಮೂರನೇ, ನಾಲ್ಕನೇ ಗೇರ್‌ನಲ್ಲಿ 10, 20, 30, 40 ಶೇಕಡಾ ಥ್ರಾಟಲ್‌ನಲ್ಲಿ ಒಂದೊಂದು ಕಡೆ ಐದಾರು ಸೆಕೆಂಡ್ ಸ್ಥಿರವಾಗಿ ಹಿಡಿಯಿರಿ. ಫುಲ್ ಥ್ರಾಟಲ್ ಸೆಲ್‌ಗಳನ್ನು ರಸ್ತೆಯಲ್ಲಿ ತುಂಬುವ ಹಟ ಬೇಡ, ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಸಿಕ್ಕರೆ ಮಾಡಿಸಿ.

ತಿದ್ದುಪಡಿಯ ಮಿತಿಯನ್ನು ಮೊದಲಿಗೆ ±10 ಶೇಕಡಾ ಇಡಿ. ಥ್ರಾಟಲ್ 0 ಇರುವ ಸೆಲ್‌ಗಳಲ್ಲಿ ಕಲಿಕೆ ಬಂದ್ ಇರಬೇಕು. ಆಕ್ಸಿಲರೇಟರ್ ಬಿಟ್ಟಾಗ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ, ಸೆನ್ಸರ್‌ಗೆ ಬರೀ ಗಾಳಿ ಸಿಗುತ್ತದೆ, ಮಾಡ್ಯೂಲ್ ಅದನ್ನು ಲೀನ್ ಎಂದು ತಿಳಿಯುತ್ತದೆ. ಗಿಡ್ಡ ಸೈಲೆನ್ಸರ್ ಇದ್ದರೆ ಐಡಲ್‌ನಲ್ಲೂ ಇದೇ ಗತಿ, ಹೊರಗಿನ ಗಾಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. 2000 ಆರ್‌ಪಿಎಂ ಕೆಳಗೆ ಕಲಿಕೆ ಬಿಟ್ಟುಬಿಡಿ. ಈ ಎರಡು ಸೌಲಭ್ಯ ಇಲ್ಲದ ಮಾಡ್ಯೂಲ್ ಎಷ್ಟೇ ಅಗ್ಗವಿರಲಿ, ಬೇಡ.

ಆಮೇಲೆ ಟೇಬಲ್ ತೆರೆದು ನೋಡಿ. ಅಕ್ಕಪಕ್ಕದ ಸೆಲ್‌ಗಳು +4, +5, +6 ಎಂದು ನಿಧಾನವಾಗಿ ಏರಿಳಿಯಬೇಕು. ನಡುವೆ ಒಂದೇ ಒಂದು +10 ಎದ್ದು ನಿಂತಿದ್ದರೆ ಅದನ್ನು ಅಳಿಸಿ ಪಕ್ಕದ ಸೆಲ್‌ಗಳ ಸರಾಸರಿ ತುಂಬಿ. ಎಲ್ಲ ಕಡೆಯೂ ಮಿತಿ ಮುಟ್ಟಿ ನಿಂತಿದ್ದರೆ ಮಿತಿ ಹೆಚ್ಚಿಸುವ ಮೊದಲು ಲೀಕ್ ಹುಡುಕಿ. ಮೋಸ ಇರುವುದು ಇಲ್ಲಿ: ಬೆಂಡ್ ಪೈಪ್ ಗಾಳಿ ಎಳೆದರೂ ಲೀನ್ ಎಂದೇ ತೋರಿಸುತ್ತದೆ, ಮಿಸ್ಸಿಂಗ್ ಆದರೂ ಸುಡದ ಆಕ್ಸಿಜನ್ ಹೊರಬಂದು ಲೀನ್ ಎಂದೇ ತೋರಿಸುತ್ತದೆ. ಮಾಡ್ಯೂಲ್ ಪೆಟ್ರೋಲ್ ಸುರಿಯುತ್ತಲೇ ಹೋಗುತ್ತದೆ. ಪ್ಲಗ್ ಕಪ್ಪಾಗಿ, ಮೈಲೇಜ್ ಬಿದ್ದು, ಅಂಕಿ ಮಾತ್ರ ಲೀನ್ ಇದ್ದರೆ ಪ್ಲಗ್‌ನ ಮಾತನ್ನೇ ನಂಬಿ. ಟೇಬಲ್ ನೆಲೆಗೆ ಬಂದ ಮೇಲೆ ಲಾಕ್ ಮಾಡಿ ಓಡಿಸಿ. ಕಲಿಕೆ ಸದಾ ಚಾಲೂ ಇದ್ದರೆ ಸೆನ್ಸರ್ ಹಾಳಾದ ದಿನ ಇಡೀ ಮ್ಯಾಪ್ ಹಾಳಾಗುತ್ತದೆ.

ಪೂರ್ತಿ ಇಸಿಯು ಬದಲಿಸುವವರು ವಾಯುಭಾರ ಸೆನ್ಸರ್ ಇದೆಯೇ ನೋಡಬೇಕು. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರ, ಗಾಳಿಯ ಒತ್ತಡ ಶೇ. 7ರಷ್ಟು ಕಡಿಮೆ. ಬರೀ ಥ್ರಾಟಲ್ ನೋಡಿ ಇಲ್ಲಿ ಕಲಿತು ಲಾಕ್ ಮಾಡಿದ ಮ್ಯಾಪ್, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲೆ ತಲುಪುವಷ್ಟರಲ್ಲಿ ಲೀನ್ ಆಗಿರುತ್ತದೆ. ಪಿಗ್ಗಿಬ್ಯಾಕ್‌ನಲ್ಲಿ ಈ ಲೆಕ್ಕವನ್ನು ಸ್ಟಾಕ್ ಇಸಿಯು ನೋಡಿಕೊಳ್ಳುತ್ತದೆ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ನಿರ್ದಿಷ್ಟತೆಯಿಂದ ದೂರ ಸರಿಯುವ ಬದಲಾವಣೆಗೆ ತಡೆ ಹಾಕುತ್ತದೆ. 182ಎ(4)ರ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಹೊಗೆ, ಸದ್ದು ಮಿತಿ ಮೀರಿದರೆ 190(2). 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತರೆ ಈ ಎಲ್ಲ ತೊಂದರೆ ಒಟ್ಟಿಗೇ ಬರುತ್ತದೆ. ವಾರಂಟಿ ಇರುವ ಗಾಡಿಗೆ ವೈರ್ ಕತ್ತರಿಸದೆ ಕನೆಕ್ಟರ್‌ನಿಂದಲೇ ಸೇರುವ ಮಾಡ್ಯೂಲ್ ತರಿಸಿ. ಆಗಲೂ ಶೋರೂಮ್‌ನವರು ಎಂಜಿನ್ ಕ್ಲೇಮ್ ನಿರಾಕರಿಸಬಹುದು.

ಆರ್ಡರ್ ಮಾಡುವ ಮೊದಲು ಅಂಗಡಿಯವರಿಂದ ನಾಲ್ಕು ಉತ್ತರ ಬರೆಸಿಕೊಳ್ಳಿ: ನಿಮ್ಮ ಮಾಡೆಲ್ ಮತ್ತು ಇಸವಿಗೇ ಹೊಂದುವ ವೈರಿಂಗ್ ಇದೆಯೇ, ಸೆನ್ಸರ್ ಬಿಡಿಯಾಗಿ ಸಿಗುತ್ತದೆಯೇ, ಟೇಬಲ್ ಓದಲು ಸಾಫ್ಟ್‌ವೇರ್ ಕೊಡುತ್ತಾರೆಯೇ, ಕೆಟ್ಟರೆ ಯಾವ ಊರಿಗೆ ಕಳಿಸಬೇಕು. ಹೀಟರ್ ಇರುವ ಸೆನ್ಸರ್ ಎಂದಾದರೂ ಬದಲಿಸಲೇಬೇಕಾದ ಸಾಮಾನು. ಅದು ಬಿಡಿಯಾಗಿ ಸಿಗದಿದ್ದರೆ ಆ ಮಾಡ್ಯೂಲ್ ಪಟ್ಟಿಯಿಂದ ಹೊರಗೆ.